ಇಸಿಜಿ ನಾರ್ಮಲ್ ಬಂತು, ಸರಿ. ರಕ್ತನಾಳ ಹೇಗಿದೆ?

2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೆ ಒಂದು ಬಂದಾಗ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದ್ದರು. 2021ರಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಹೀಗೇ ಆಗಿತ್ತು. ಭಯ ಬಂದ ಕೂಡಲೇ ನಮಗೆ ನೆನಪಾಗುವುದು ಇಸಿಜಿ. ಎದೆಗೆ ವೈರು ಅಂಟಿಸಿ, ಗೆರೆ ಎಳೆದು, ನಾರ್ಮಲ್ ಅಂದುಬಿಟ್ಟರೆ ಮನೆಗೆ ಬಂದು ನೆಮ್ಮದಿಯಾಗಿ ಊಟ ಮಾಡುತ್ತೇವೆ.

ನಮ್ಮ ಭಾವನೂ ಆ ಗಾಬರಿಯಲ್ಲೇ ಒಂದು ಹೆಲ್ತ್ ಪ್ಯಾಕೇಜ್ ಮಾಡಿಸಿಕೊಂಡು ಬಂದರು. ಅವರಿಗೆ 47. ಕಾಫಿ ಲೋಟ ಹಿಡಿದುಕೊಂಡೇ ಫೈಲನ್ನು ನನ್ನ ಕಡೆ ತಳ್ಳಿದರು. "ನೋಡಯ್ಯ, ಇಸಿಜಿ ನಾರ್ಮಲ್, ಎಕೋ ನಾರ್ಮಲ್, ಟಿಎಂಟಿ ನೆಗೆಟಿವ್. ನಿಮ್ಮಕ್ಕ ಸುಮ್ನೆ ಹೆದರ್ತಾಳೆ."

ಎಕೋ ಅಂದರೆ ಹೃದಯದ ಅಲ್ಟ್ರಾಸೌಂಡ್, ಟಿಎಂಟಿ ಅಂದರೆ ಓಡುವ ಪಟ್ಟಿಯ ಮೇಲೆ ನಡೆಸುತ್ತಾ ತೆಗೆಯುವ ಇಸಿಜಿ. ನಾನು ಹಾಳೆ ತಿರುವಿದೆ. ನಾಲ್ಕನೇ ಪುಟದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 158. ಬಿಪಿ 138/88. ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1. ಮೂರರ ಪಕ್ಕದಲ್ಲೂ 'ಬಾರ್ಡರ್‌ಲೈನ್' ಅಂತ ಬರೆದಿತ್ತು. ಬಾರ್ಡರ್‌ಲೈನ್ ಅಂದರೆ ಇನ್ನೂ ಏನೂ ಆಗಿಲ್ಲ ಅಂತ ನಾವೆಲ್ಲ ಓದಿಕೊಳ್ಳುತ್ತೇವೆ. ಆದರೆ ಒಂದೇ ಮನುಷ್ಯನ ಮೈಯಲ್ಲಿ ಮೂರು ಬಾರ್ಡರ್‌ಲೈನ್ ಹತ್ತು ವರ್ಷ ಒಟ್ಟಿಗಿದ್ದರೆ ರಕ್ತನಾಳದ ಗೋಡೆಯಲ್ಲಿ ಏನಾದರೂ ಆಗಿರುವ ಸಾಧ್ಯತೆ ಹೆಚ್ಚು. ಇಸಿಜಿ ಅದನ್ನು ನೋಡುವುದೇ ಇಲ್ಲ.

ನಾನು ಡಾಕ್ಟರಲ್ಲ. ಅಪ್ಪನಿಗೆ 52ನೇ ವಯಸ್ಸಿಗೆ ಸ್ಟೆಂಟ್ ಹಾಕಿಸಿದ ಮೇಲೆ ಈ ವಿಷಯ ಓದುವ ಚಟ ಹತ್ತಿತು. ಭಾವನ ಫೈಲ್ ಇಟ್ಟುಕೊಂಡು ನಾವು ಏನೇನು ಮಾಡಿದೆವು, ಯಾವ ಕ್ರಮದಲ್ಲಿ ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಔಷಧ ಶುರು ಮಾಡುವುದು, ಬಿಡುವುದು ನಿಮ್ಮ ಡಾಕ್ಟರ್ ಹೇಳಿದ ಹಾಗೆ.

ಮೊದಲು ಗೋಡೆಯೊಳಗಿನ ಕಥೆ

ಬ್ಲಾಕೇಜ್ ಅಂದರೆ ನಲ್ಲಿ ಪೈಪಿನಲ್ಲಿ ಕಸ ಕಟ್ಟಿಕೊಂಡ ಹಾಗೆ ಅಂತ ಎಲ್ಲರೂ ಹೇಳುತ್ತಾರೆ. ಆ ಚಿತ್ರ ಅರ್ಧ ತಪ್ಪು. ಹೆಚ್ಚು ಸರಿಯಾದ ಚಿತ್ರ ಬಾಗಿಲ ಚೌಕಟ್ಟಿಗೆ ಹತ್ತಿದ ಗೆದ್ದಲು. ಹೊರಗೆ ಪೇಂಟ್ ಚೆನ್ನಾಗಿಯೇ ಇರುತ್ತದೆ, ಬಾಗಿಲು ತೆಗೆದು ಹಾಕಲೂ ತೊಂದರೆಯಿಲ್ಲ. ಕೆಲಸ ನಡೆಯುವುದೆಲ್ಲ ಒಳಗೆ.

ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ನಯವಾದ ಪದರ ಇದೆ. ಎಲ್‌ಡಿಎಲ್ ಕಣಗಳು ಅದರಡಿಗೆ ನುಸುಳಿ ಸಿಕ್ಕಿಕೊಳ್ಳುತ್ತವೆ. ಅಲ್ಲೇ ಕೆಡುತ್ತವೆ. ಕೆಟ್ಟದ್ದನ್ನು ತೆಗೆಯಲು ಬಿಳಿ ರಕ್ತಕಣ ಬರುತ್ತವೆ, ತಿಂದು ತಿಂದು ಉಬ್ಬಿ ಅಲ್ಲೇ ಸಾಯುತ್ತವೆ. ಹೀಗೆ ಶುರುವಾಗುವುದು ಕೊಬ್ಬಿನ ಹಳದಿ ಗೆರೆ. ವರ್ಷ ಕಳೆದಂತೆ ಅದು ಗಡ್ಡೆಯಂತಾಗುತ್ತದೆ. ಡಾಕ್ಟರುಗಳು ಪ್ಲಾಕ್ ಅನ್ನುವುದು ಇದನ್ನೇ. ಮೇಲೊಂದು ಮುಚ್ಚಳ ಬೆಳೆಯುತ್ತದೆ, ಆಮೇಲೆ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕೂರುತ್ತದೆ. ಎಲ್‌ಡಿಎಲ್ ಇದಕ್ಕೆ ಕಚ್ಚಾ ಸಾಮಾನು. ಬಿಪಿ ಆ ಪದರವನ್ನು ದಿನಕ್ಕೆ ಲಕ್ಷ ಸಲ ಗುದ್ದುತ್ತದೆ. ಸಕ್ಕರೆ ಕಾಯಿಲೆ ಮತ್ತು ಹೊಗೆ ಅದನ್ನು ಒರಟು ಮಾಡುತ್ತವೆ.

ಚೋದ್ಯ ಏನೆಂದರೆ, ಪ್ಲಾಕ್ ಬೆಳೆಯುವಾಗ ನಾಳ ಹೊರಕ್ಕೆ ಉಬ್ಬಿ ಜಾಗ ಮಾಡಿಕೊಡುತ್ತದೆ. ಸೇಮೂರ್ ಗ್ಲಾಗೋವ್ ಎಂಬ ವೈದ್ಯರು 1987ರಲ್ಲಿ ಇದನ್ನು ಅಳೆದು ತೋರಿಸಿದರು. ಹೃದಯದ ನಾಳದಲ್ಲಿ ಸುಮಾರು 40% ಜಾಗವನ್ನು ಪ್ಲಾಕ್ ತಿಂದ ಮೇಲಷ್ಟೇ ರಕ್ತ ಹರಿಯುವ ದಾರಿ ಕಿರಿದಾಗಲು ಶುರುವಾಗುತ್ತದೆ. ಅಲ್ಲಿಯ ತನಕ ನೋವಿಲ್ಲ, ಉಬ್ಬಸವಿಲ್ಲ. ಟಿಎಂಟಿ ಪಾಸಿಟಿವ್ ಬರಬೇಕಾದರೆ ಸಾಮಾನ್ಯವಾಗಿ ದಾರಿ 70%ನಷ್ಟು ಮುಚ್ಚಿರಬೇಕು. ಅದಕ್ಕೆ ಮೊದಲೇ ಒಂದು ಸಣ್ಣ ಪ್ಲಾಕಿನ ಮುಚ್ಚಳ ಹರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಅದೇ ಹೃದಯಾಘಾತ. "ಹೋದ ತಿಂಗಳಷ್ಟೇ ಟಿಎಂಟಿ ಮಾಡಿಸಿದ್ರು, ನಾರ್ಮಲ್ ಇತ್ತು" ಅನ್ನುವ ಮಾತು ಸಾವಿನ ಮನೆಯಲ್ಲಿ ಕೇಳಿದ್ದೀರಿ ಅಲ್ವಾ? ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆ.

ಇದು ಎಷ್ಟು ಬೇಗ ಶುರುವಾಗುತ್ತದೆ? ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಸೇನೆಯ ವೈದ್ಯರು ಕತ್ತರಿಸಿ ನೋಡಿದರು. ಸರಾಸರಿ ವಯಸ್ಸು 22. 1953ರಲ್ಲಿ ಬಂದ ವರದಿಯ ಪ್ರಕಾರ 77% ಮಂದಿಯ ಹೃದಯದ ನಾಳಗಳಲ್ಲಿ ಕಾಯಿಲೆಯ ಗುರುತು ಕಣ್ಣಿಗೇ ಕಂಡಿತ್ತು. ಆಮೇಲೆ ಲೂಸಿಯಾನಾ ರಾಜ್ಯದ ಬೊಗಲೂಸಾ ಎಂಬ ಊರಿನಲ್ಲಿ 1970ರ ದಶಕದಿಂದ ಮಕ್ಕಳ ಬಿಪಿ, ಕೊಲೆಸ್ಟರಾಲ್, ತೂಕ ಬರೆದಿಡುತ್ತಾ ಬಂದರು. ಅವರಲ್ಲಿ ಅಪಘಾತ ಮುಂತಾದ ಕಾರಣಕ್ಕೆ ಚಿಕ್ಕ ವಯಸ್ಸಿನಲ್ಲೇ ಸತ್ತ 204 ಜನರ ನಾಳಗಳನ್ನು ಪರೀಕ್ಷಿಸಿ 1998ರಲ್ಲಿ ಲೆಕ್ಕ ಕೊಟ್ಟರು. ಯಾವ ಅಪಾಯದ ಅಂಶವೂ ಇಲ್ಲದವರ ಹೃದಯದ ನಾಳದಲ್ಲಿ ಕೊಬ್ಬಿನ ಗೆರೆ ಆವರಿಸಿದ್ದು 1.3% ಜಾಗ. ಮೂರೋ ನಾಲ್ಕೋ ಅಂಶ ಇದ್ದವರಲ್ಲಿ 11%. ಎರಡರಿಂದ 39 ವರ್ಷದೊಳಗಿನವರ ಕಥೆ ಇದು.

ಅಂದರೆ ರಿಪೋರ್ಟಿನ ನಂಬರ್‌ಗೂ ಕಾಯಿಲೆಗೂ ನಡುವೆ 20-30 ವರ್ಷ ಇದೆ. ಆ ಅಷ್ಟೂ ವರ್ಷ ನಂಬರನ್ನು ಕಾಯಿಲೆಯಾಗಿ ಮಾಡುವ ಕೆಲಸ ನಾಳದ ಗೋಡೆಯಲ್ಲಿ ನಡೆಯುತ್ತಿರುತ್ತದೆ. ನಾವು ಹುಡುಕಬೇಕಾದ್ದು ಅಲ್ಲಿ.

ಹೆಜ್ಜೆ 1: ಹಳೆಯ ರಿಪೋರ್ಟ್‌ಗಳನ್ನು ಬೀರುವಿನಿಂದ ಹೊರಗೆ ತೆಗೆಯಿರಿ

ಇವತ್ತಿನ ಎಲ್‌ಡಿಎಲ್ ಎಷ್ಟು ಅನ್ನುವುದಕ್ಕಿಂತ, ಅದು ಎಷ್ಟು ವರ್ಷದಿಂದ ಅಷ್ಟಿದೆ ಅನ್ನುವುದು ಮುಖ್ಯ. ಸಾಲದ ಬಡ್ಡಿ ಇದ್ದ ಹಾಗೆ. ಬಡ್ಡಿ ದರ ಒಂದನ್ನೇ ನೋಡಿದರೆ ಸಾಲ ಎಷ್ಟಾಗಿದೆ ಅಂತ ಗೊತ್ತಾಗಲ್ಲ.

ಒಂದು ನೋಟ್‌ಬುಕ್ಕಿನಲ್ಲಿ ವರ್ಷ, ಎಲ್‌ಡಿಎಲ್, ಬಿಪಿ, ಸಕ್ಕರೆ, ಸೊಂಟದ ಸುತ್ತಳತೆ ಅಂತ ಐದು ಕಾಲಂ ಎಳೆಯಿರಿ. ಸಿಕ್ಕಷ್ಟು ತುಂಬಿ. ಇನ್ಶೂರೆನ್ಸ್ ಪಾಲಿಸಿ ತಗೊಳ್ಳುವಾಗ ಮಾಡಿಸಿದ್ದು, ಕೆಲಸಕ್ಕೆ ಸೇರುವಾಗ ಮಾಡಿಸಿದ್ದು, ರಕ್ತದಾನ ಶಿಬಿರದಲ್ಲಿ ಬರೆದುಕೊಟ್ಟ ಬಿಪಿ, ಎಲ್ಲ ಲೆಕ್ಕಕ್ಕೆ ಬರುತ್ತದೆ. ಭಾವನ ಹಳೆಯ ಸೂಟ್‌ಕೇಸಿನಲ್ಲಿ 2013ರ ಕಂಪನಿ ಚೆಕಪ್ ಸಿಕ್ಕಿತು. ಎಲ್‌ಡಿಎಲ್ 146. ಆಗ ಅವರಿಗೆ 35. ಹನ್ನೆರಡು ವರ್ಷ ಅದು 146ರಿಂದ 158ರ ನಡುವೆಯೇ ಓಡಾಡಿರಬೇಕು. ಭಾವ ಮೊದಲ ಸಲ ಸುಮ್ಮನಾಗಿದ್ದು ಆ ಹಾಳೆ ನೋಡಿದಾಗ.

ಕಾಲದ ಈ ಲೆಕ್ಕಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಒಂದಿದೆ. ಅಮೆರಿಕದ ಕೆಲವು ಕಪ್ಪು ಜನರಲ್ಲಿ ಪಿಸಿಎಸ್‌ಕೆ9 ಎಂಬ ಜೀನ್ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದರಿಂದ ಅವರ ಎಲ್‌ಡಿಎಲ್ ಉಳಿದವರಿಗಿಂತ 28% ಕಡಿಮೆ. ದೊಡ್ಡ ವ್ಯತ್ಯಾಸವೇನಲ್ಲ, ಒಂದು ಮಾತ್ರೆಯಲ್ಲೂ ಅಷ್ಟು ಇಳಿಯುತ್ತದೆ. ಆದರೆ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರಿಗೆ ಹೃದಯದ ನಾಳದ ಕಾಯಿಲೆ 88% ಕಡಿಮೆ ಕಂಡಿತು. ಸ್ವಲ್ಪವೇ ಕಡಿಮೆ, ಆದರೆ ಹುಟ್ಟಿದಾಗಿನಿಂದ ಕಡಿಮೆ.

ಹೆಜ್ಜೆ 2: ಬಿಪಿಯನ್ನು ಮನೆಯಲ್ಲಿ ಒಂದು ವಾರ ನೋಡಿ

ಕ್ಲಿನಿಕ್ಕಿನಲ್ಲಿ ಮೆಟ್ಟಿಲು ಹತ್ತಿ ಬಂದು, ಮಾತಾಡುತ್ತಾ, ಶರ್ಟಿನ ತೋಳಿನ ಮೇಲೇ ಪಟ್ಟಿ ಸುತ್ತಿಸಿಕೊಂಡ ಬಿಪಿಗೆ ಬೆಲೆ ಕಮ್ಮಿ. ತೋಳಿಗೆ ಕಟ್ಟುವ ಮೆಷಿನ್ ತನ್ನಿ, ಮಣಿಕಟ್ಟಿನದು ಬೇಡ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಮೂತ್ರಕ್ಕೆ ಹೋಗಿ ಬನ್ನಿ. ಕುರ್ಚಿಗೆ ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಎರಡು, ಸಂಜೆ ಎರಡು, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ದಾಟಿದರೆ ಅದು ಬಿಪಿಯೇ. 'ಟೆನ್ಶನ್‌ಗೆ ಹಾಗೆ ಬಂದಿದೆ' ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಹೆಜ್ಜೆ 3: ರಕ್ತದಲ್ಲಿ ಏನು ಕೇಳಬೇಕು

ಕೊಲೆಸ್ಟರಾಲ್ ಲೆಕ್ಕ ಕೊಡುವ ಲಿಪಿಡ್ ಪ್ರೊಫೈಲ್, ಎಚ್‌ಬಿಎ1ಸಿ, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್. ಇದರ ಜೊತೆಗೆ ಜೀವಮಾನದಲ್ಲಿ ಒಂದೇ ಒಂದು ಸಲ ಲೈಪೋಪ್ರೋಟೀನ್-ಎ, ಎಲ್‌ಡಿಎಲ್‌ನಂಥದೇ ಇನ್ನೊಂದು ಕೊಬ್ಬಿನ ಕಣ. ಇದು ಬರುವುದು ಅಪ್ಪ-ಅಮ್ಮನಿಂದ. ಪಥ್ಯ ಮಾಡಿದರೆ, ಓಡಿದರೆ ಇಳಿಯುವುದಿಲ್ಲ. ಡೆಸಿಲೀಟರಿಗೆ 50 ಮಿಲಿಗ್ರಾಂ ದಾಟಿದ್ದರೆ ಉಳಿದ ನಂಬರ್‌ಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು ಅಂತ ಅರ್ಥ. ಪ್ಯಾಕೇಜ್‌ಗಳಲ್ಲಿ ಇದು ಹೆಚ್ಚಾಗಿ ಇರುವುದಿಲ್ಲ, ಕೇಳಿ ಮಾಡಿಸಬೇಕು.

ಲಿಪಿಡ್ ಹಾಳೆಯಲ್ಲಿ ಒಂದು ಕಳೆಯುವ ಲೆಕ್ಕ ಮಾಡಿ. ಒಟ್ಟು ಕೊಲೆಸ್ಟರಾಲ್‌ನಿಂದ ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟರಾಲ್, ಕಳೆಯಿರಿ. ಭಾವನದು 228ರಲ್ಲಿ 38 ಹೋದರೆ 190. ನಾಳದ ಗೋಡೆಗೆ ನುಗ್ಗಬಲ್ಲ ಕಣಗಳ ಲೆಕ್ಕವೆಲ್ಲ ಈ ನಂಬರಿನಲ್ಲಿದೆ. ನಮ್ಮವರಲ್ಲಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಜಾಸ್ತಿ, ಎಚ್‌ಡಿಎಲ್ ಕಡಿಮೆ ಇರುವವರು ಬಹಳ. ಅಂಥವರಿಗೆ ಎಲ್‌ಡಿಎಲ್ ಒಂದನ್ನೇ ನೋಡಿದರೆ ಮೋಸ ಹೋಗಬಹುದು. ಎಲ್‌ಡಿಎಲ್‌ಗೆ ಡಾಕ್ಟರ್ ಯಾವ ಗುರಿ ಕೊಡುತ್ತಾರೋ ಅದಕ್ಕೆ 30 ಸೇರಿಸಿದರೆ ಈ ನಂಬರಿನ ಗುರಿ ಸಿಗುತ್ತದೆ. ಇದಕ್ಕೆ ಖಾಲಿ ಹೊಟ್ಟೆಯೂ ಬೇಕಿಲ್ಲ.

ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ 'ಪ್ರೀ-ಡಯಾಬಿಟಿಸ್'. ಶುಗರ್ ಇನ್ನೂ ಬಂದಿಲ್ಲ ಅಂತ ಖುಷಿಪಡುವ ಜಾಗ ಅಲ್ಲ ಇದು. ಬೆಂಗಳೂರಿನ ಸೇಂಟ್ ಜಾನ್ಸ್‌ನವರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಸಲ ಹೃದಯಾಘಾತವಾದವರನ್ನು ಆಗದವರ ಜೊತೆ ಹೋಲಿಸಿ ನೋಡಿದರು. ಸಿಗರೇಟು-ಬೀಡಿ ಎಲ್ಲಕ್ಕಿಂತ ಮುಂದಿತ್ತು. ಬಿಪಿ, ಸೊಂಟದ ಬೊಜ್ಜು, ರಕ್ತದ ಸಕ್ಕರೆ ಅದರ ಹಿಂದೆಯೇ ಇದ್ದವು. ಸೊಂಟಕ್ಕೆ ಟೇಪು ಹಿಡಿಯುವುದನ್ನು ಮರೆಯಬೇಡಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ನಮ್ಮ ಗಡಿ. ಪ್ಯಾಂಟಿನ ಸೈಜ್ ಹೇಳಬೇಡಿ. ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ.

ಹೆಜ್ಜೆ 4: ಮನೆಯವರ ಕಥೆ, ಹೆರಿಗೆಯ ಕಥೆ

ಅಪ್ಪನಿಗೋ ಅಣ್ಣನಿಗೋ 55ರೊಳಗೆ, ಅಮ್ಮನಿಗೋ ಅಕ್ಕನಿಗೋ 65ರೊಳಗೆ ಹೃದಯಾಘಾತ ಅಥವಾ ಸ್ಟೆಂಟ್ ಆಗಿದ್ದರೆ ಬರೆಯಿರಿ. 'ನಿದ್ದೆಯಲ್ಲೇ ಹೋದರು', 'ಗ್ಯಾಸ್ ಎದೆಗೆ ಹೊಡೀತು' ಅಂತ ಮನೆಯಲ್ಲಿ ಹೇಳುವ ಸಾವುಗಳನ್ನೂ ಸ್ವಲ್ಪ ಕೆದಕಿ.

ಇಲ್ಲಿ ನಮ್ಮನೆಯಲ್ಲಿ ಕಥೆ ತಿರುಗಿತು. ನಾವು ಭಾವನ ಹಿಂದೆ ಬಿದ್ದಿದ್ದೆವು. ಅಕ್ಕ ದೋಸೆ ಹುಯ್ಯುತ್ತಾ ಅಡುಗೆಮನೆಯಿಂದಲೇ ಅಂದಳು, "ನನಗೂ ಎರಡನೇ ಹೆರಿಗೇಲಿ ಬಿಪಿ ಬಂದು ಎಂಟು ತಿಂಗಳಿಗೇ ಆಪರೇಷನ್ ಮಾಡಿದ್ರಲ್ಲ." ಅವಳ ಅಪ್ಪ ಅಂದರೆ ನಮ್ಮಪ್ಪ, 52ಕ್ಕೆ ಸ್ಟೆಂಟ್. ಗರ್ಭಿಣಿಯಾಗಿದ್ದಾಗ ಬಿಪಿ ಏರಿದವರಿಗೆ, ಆಗ ಶುಗರ್ ಬಂದವರಿಗೆ, 40ರೊಳಗೆ ಮುಟ್ಟು ನಿಂತವರಿಗೆ ಮುಂದೆ ರಕ್ತನಾಳದ ಕಾಯಿಲೆಯ ಅಪಾಯ ಜಾಸ್ತಿ. ಹೆರಿಗೆ ವಾರ್ಡಿನಿಂದ ಮನೆಗೆ ಬಂದ ಮೇಲೆ ಆ ಫೈಲನ್ನು ಯಾರೂ ತೆರೆಯುವುದಿಲ್ಲ, ಅಷ್ಟೇ. ಕಿಡ್ನಿ ತೊಂದರೆ, ರುಮಟಾಯ್ಡ್ ಸಂಧಿವಾತ, ಸೋರಿಯಾಸಿಸ್ ಇದ್ದವರೂ ಈ ಪಟ್ಟಿಗೆ ಬರುತ್ತಾರೆ.

ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಒಂದು ಮಾತು. ಅಮೆರಿಕದ 2018ರ ಮಾರ್ಗಸೂಚಿ ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶ ಅಂತ ಎಣಿಸುತ್ತದೆ. ಡಾಕ್ಟರು ಕಂಪ್ಯೂಟರಿನಲ್ಲಿ ನಿಮ್ಮ ಹತ್ತು ವರ್ಷದ ಅಪಾಯ ಲೆಕ್ಕ ಹಾಕುವಾಗ ಇದನ್ನು ನೆನಪಿಸಿ. 2004ರಲ್ಲಿ 52 ದೇಶಗಳನ್ನು ಸೇರಿಸಿ ಮಾಡಿದ ಇಂಟರ್‌ಹಾರ್ಟ್ ಅಧ್ಯಯನದ ಲೆಕ್ಕದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಸುಮಾರು ಆರು ವರ್ಷ ಮುಂಚೆ ಆಗುತ್ತಿತ್ತು.

ಹೆಜ್ಜೆ 5: ನಾಳವನ್ನೇ ನೋಡುವ ಪರೀಕ್ಷೆ

ಇಲ್ಲಿಯ ತನಕ ಆದದ್ದೆಲ್ಲ ಊಹೆ. ಈಗ ಗೆದ್ದಲು ಹತ್ತಿದೆಯಾ ಅಂತ ಆ ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ ಬಡಿದು ನೋಡುವ ಕೆಲಸ. ಇದು ಎಲ್ಲರಿಗೂ ಬೇಕಿಲ್ಲ. 28ರ ಹುಡುಗನಿಗೆ, ನಂಬರೆಲ್ಲ ಚೆನ್ನಾಗಿದ್ದರೆ, ಸುಮ್ನೆ ದುಡ್ಡು ದಂಡ. ಈಗಾಗಲೇ ಸ್ಟೆಂಟ್ ಆದವರಿಗೂ ಬೇಡ, ಅವರಿಗೆ ಉತ್ತರ ಗೊತ್ತಿದೆ. 40 ದಾಟಿದ, ಎರಡು-ಮೂರು ಬಾರ್ಡರ್‌ಲೈನ್ ಇರುವ, ಮಾತ್ರೆ ಶುರು ಮಾಡಲೋ ಬೇಡವೋ ಅಂತ ಎಳೆದಾಡುತ್ತಿರುವವರಿಗೆ ಇದರಿಂದ ನಿಜವಾಗಿ ಉಪಯೋಗ.

ಅಗ್ಗದ್ದರಿಂದ ಶುರು ಮಾಡೋಣ. ಕಾಲಿನ ಬಿಪಿ. ಹತ್ತು ನಿಮಿಷ ಅಂಗಾತ ಮಲಗಬೇಕು. ಎರಡು ತೋಳು, ಎರಡು ಕಣಕಾಲು, ನಾಲ್ಕೂ ಕಡೆ ಬಿಪಿ ನೋಡುತ್ತಾರೆ. ಕಾಲಿನಲ್ಲಿ ಸ್ಟೆತಸ್ಕೋಪ್ ಕೆಲಸಕ್ಕೆ ಬರುವುದಿಲ್ಲ. ಪೆನ್ನಿನಂಥ ಪುಟ್ಟ ಡಾಪ್ಲರ್ ಇಟ್ಟು ನಾಡಿಯ 'ಶ್ಯು ಶ್ಯು' ಸದ್ದು ಕೇಳುತ್ತಾರೆ. ಕಾಲಿನ ಬಿಪಿಯ ದೊಡ್ಡ ಅಂಕಿಯನ್ನು ತೋಳಿನ ಬಿಪಿಯ ದೊಡ್ಡ ಅಂಕಿಯಿಂದ ಭಾಗಿಸಬೇಕು. ಭಾವನ ತೋಳಲ್ಲಿ 136. ಬಲಗಾಲು 142, ಭಾಗಿಸಿದರೆ 1.04, ಚೆನ್ನಾಗಿದೆ. ಎಡಗಾಲು 120. ಮೊಬೈಲ್ ತೆಗೆದು ಲೆಕ್ಕ ಹಾಕಿದೆ, 0.88. 0.9ಕ್ಕಿಂತ ಕಡಿಮೆ ಬಂದರೆ ಆ ಕಾಲಿನ ನಾಳದಲ್ಲಿ ಕಾಯಿಲೆ ಇದೆ ಅಂತ ಓದಬೇಕು. 1.4 ದಾಟಿದರೂ ಒಳ್ಳೆಯದಲ್ಲ. ನಾಳ ಸುಣ್ಣಗಟ್ಟಿ ಗಡುಸಾಗಿರುತ್ತದೆ, ಶುಗರ್ ಇದ್ದವರಲ್ಲಿ ಇದು ಹೆಚ್ಚು. "ಎಡಗಾಲಿಗೆ ನಡೆಯುವಾಗ ಏನಾದ್ರೂ ಆಗುತ್ತಾ?" ಅಂತ ಡಾಕ್ಟರ್ ಕೇಳಿದರು. ಭಾವ ಇಲ್ಲ ಅಂದರು. ಆಮೇಲೆ ಕಾರಿನಲ್ಲಿ, "ದಿಬ್ಬ ಹತ್ತುವಾಗ ಮೀನಖಂಡ ಹಿಡಿದುಕೊಳ್ಳುತ್ತೆ, ಶೂ ಸರಿಯಿಲ್ಲ ಅಂದ್ಕೊಂಡಿದ್ದೆ" ಅಂದರು.

ಎರಡನೆಯದು ಅಲ್ಟ್ರಾಸೌಂಡ್. ಕತ್ತಿನ ನಾಳಗಳಲ್ಲಿ ಪ್ಲಾಕ್ ಇದೆಯಾ ಅಂತ ನೋಡಬಹುದು. ತೊಡೆಸಂದಿಯ ನಾಳವನ್ನೂ ನೋಡಿ ಅಂತ ಕೇಳಿ. ಮ್ಯಾಡ್ರಿಡ್‌ನಲ್ಲಿ ಒಂದು ಬ್ಯಾಂಕಿನ 4,000ಕ್ಕೂ ಹೆಚ್ಚು ಉದ್ಯೋಗಿಗಳನ್ನು, 40ರಿಂದ 54 ವಯಸ್ಸಿನವರನ್ನು, ಹೀಗೆ ಸ್ಕ್ಯಾನ್ ಮಾಡಿದರು. ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರು. 63% ಮಂದಿಯಲ್ಲಿ ಎಲ್ಲಾದರೊಂದು ಕಡೆ ಆರಂಭದ ಕಾಯಿಲೆ ಕಂಡಿತು. ಅತಿ ಹೆಚ್ಚು ಕಂಡದ್ದು ಹೃದಯದಲ್ಲಲ್ಲ, ಕತ್ತಿನಲ್ಲೂ ಅಲ್ಲ, ಸೊಂಟದಿಂದ ತೊಡೆಗಿಳಿಯುವ ನಾಳದಲ್ಲಿ. ಇನ್ನೊಂದು ವಿಷಯ: ಗೋಡೆಯ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು ಕೊಡುವ ರಿಪೋರ್ಟಿಗೆ ಈಗ ಹಿಂದಿನಷ್ಟು ಬೆಲೆಯಿಲ್ಲ. ಪ್ಲಾಕ್ ಇದೆಯೋ ಇಲ್ಲವೋ, ಅದೇ ಪ್ರಶ್ನೆ.

ಮೂರನೆಯದು ಹೃದಯದ ಕ್ಯಾಲ್ಸಿಯಂ ಸ್ಕೋರ್. ಇಂಜೆಕ್ಷನ್ ಇಲ್ಲ, ಬಣ್ಣದ ಔಷಧ ಇಲ್ಲ. ಸಿಟಿ ಮೆಷಿನ್ನಿನಲ್ಲಿ ಮಲಗಿ ಕೆಲವು ಸೆಕೆಂಡು ಉಸಿರು ಹಿಡಿದರೆ ಮುಗಿಯಿತು. ವಿಕಿರಣವೂ ಕಡಿಮೆ, ಸುಮಾರು 1 ಮಿಲಿಸೀವರ್ಟ್. ಆರ್ಥರ್ ಅಗಟ್‌ಸ್ಟನ್ ಮತ್ತವರ ಜೊತೆಗಾರರು 1990ರಲ್ಲಿ ಕೊಟ್ಟ ಲೆಕ್ಕದ ಕ್ರಮ ಇವತ್ತಿಗೂ ಅದೇ. ಸೊನ್ನೆ ಬಂದರೆ ಸದ್ಯಕ್ಕೆ ಒಳ್ಳೆಯ ಸುದ್ದಿ. 1ರಿಂದ 99 ಅಂದರೆ ಕಾಯಿಲೆ ಶುರುವಾಗಿದೆ. 100 ದಾಟಿದರೆ ಸಾಮಾನ್ಯವಾಗಿ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೆನ್ನುತ್ತಾರೆ. 400 ದಾಟಿದರೆ ಅಪಾಯ ಬಹಳ ಹೆಚ್ಚು.

ಇದನ್ನು ಓದುವಾಗ ಮೂರು ಎಚ್ಚರ. ಸುಣ್ಣ ಕೂರಲು ವರ್ಷಗಳು ಬೇಕು, ಹಾಗಾಗಿ 38ರ ವಯಸ್ಸಿನವರ ಸೊನ್ನೆಯನ್ನು ಪೂರ್ತಿ ನಂಬಬೇಡಿ, ಮೆತ್ತಗಿನ ಪ್ಲಾಕ್ ಇದರಲ್ಲಿ ಕಾಣುವುದಿಲ್ಲ. ಬೀಡಿ-ಸಿಗರೇಟು ಸೇದುವವರಿಗೂ ಶುಗರ್ ಇರುವವರಿಗೂ ಸೊನ್ನೆ ಅಷ್ಟು ಭದ್ರವಲ್ಲ. ಮತ್ತೆ, ಸ್ಟ್ಯಾಟಿನ್ ತಗೊಂಡ ಮೇಲೆ ಸ್ಕೋರ್ ಸ್ವಲ್ಪ ಏರಬಹುದು. ಮೆತ್ತಗಿನ ಪ್ಲಾಕ್ ಗಟ್ಟಿಯಾಯಿತು, ಅದು ಒಡೆಯುವ ಭಯ ಕಡಿಮೆಯಾಯಿತು ಅಂತ ಅದರರ್ಥ. ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಬಿಟ್ಟುಬಿಡಬೇಡಿ.

ಭಾವನ ಸ್ಕೋರ್ 64 ಬಂತು. 47ಕ್ಕೆ ಸೊನ್ನೆ ಇರಬೇಕಿತ್ತು.

ಹೃದಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ

ಅದೇ ನಾಳ ಮೈಯೆಲ್ಲ ಹರಡಿದೆ. ಮಿದುಳಿಗೆ ಹೋಗುವ ನಾಳದಲ್ಲಿ ಆದರೆ ಲಕ್ವ. ಸಣ್ಣ ಸಣ್ಣ ನಾಳಗಳು ಮುಚ್ಚುತ್ತಾ ಬಂದರೆ ಮರೆವು. ಕಿಡ್ನಿಯಲ್ಲಾದರೆ ಕ್ರಿಯಾಟಿನಿನ್ ಏರುತ್ತದೆ. ಗಂಡಸರು ಯಾರ ಹತ್ತಿರವೂ ಹೇಳಿಕೊಳ್ಳದ ನಿಮಿರುವಿಕೆಯ ತೊಂದರೆಯೂ ಎಷ್ಟೋ ಸಲ ರಕ್ತನಾಳದ್ದೇ. ಅಲ್ಲಿಯ ನಾಳ ಹೃದಯದ ನಾಳಕ್ಕಿಂತ ಸಣ್ಣದು, ಹಾಗಾಗಿ ಎದೆನೋವಿಗಿಂತ ಕೆಲವು ವರ್ಷ ಮುಂಚೆಯೇ ಅದು ಸುಳಿವು ಕೊಡಬಹುದು. ಮೆಡಿಕಲ್ ಶಾಪಿನಲ್ಲಿ ಗುಟ್ಟಾಗಿ ಮಾತ್ರೆ ಕೇಳುವ ಬದಲು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ, ಕೊಲೆಸ್ಟರಾಲ್, ಸಕ್ಕರೆ ನೋಡಿಸಿ.

ಅಮೆರಿಕದಲ್ಲಿ 2000ದಲ್ಲಿ ಶುರುವಾದ ಮೆಸಾ ಎಂಬ ಅಧ್ಯಯನ 6,814 ಜನರ ಕ್ಯಾಲ್ಸಿಯಂ ಸ್ಕೋರ್ ಬರೆದಿಟ್ಟು ವರ್ಷಗಟ್ಟಲೆ ಹಿಂಬಾಲಿಸಿತು. ಸೊನ್ನೆ ಇದ್ದವರಿಗಿಂತ 400 ದಾಟಿದವರಲ್ಲಿ ಹೃದಯಾಘಾತ ಹೆಚ್ಚಾಗಿದ್ದು ಸರಿಯೇ. ಜೊತೆಗೆ ಕ್ಯಾನ್ಸರ್, ಕಿಡ್ನಿ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಸೊಂಟದ ಮೂಳೆ ಮುರಿತ ಕೂಡ ಹೆಚ್ಚಿತ್ತು. ಹೃದಯದ ಸುಣ್ಣ ಮೂಳೆ ಮುರಿಯುತ್ತದೆ ಅಂತಲ್ಲ. ಹೊಗೆ, ಸಕ್ಕರೆ, ಬಿಪಿ ಇಡೀ ಮೈಗೆ ಎಷ್ಟು ವರ್ಷ ಹೊಡೆದಿವೆ ಅನ್ನುವ ಲೆಕ್ಕವನ್ನು ನಾಳ ತನ್ನ ಗೋಡೆಯಲ್ಲಿ ಬರೆದಿಟ್ಟುಕೊಂಡಿರುತ್ತದೆ.

ಹೆಜ್ಜೆ 6: ಈಗ ಏನು ಮಾಡಬೇಕು

ಹೊಗೆಸೊಪ್ಪು ಮೊದಲು. ಬೀಡಿ, ಸಿಗರೇಟು, ಎಲೆ-ಅಡಿಕೆ ಜೊತೆಗಿನ ಕಡ್ಡಿಪುಡಿ, ಗುಟ್ಕಾ ಎಲ್ಲ. 'ದಿನಕ್ಕೆ ಎರಡೇ' ಅನ್ನುವ ಲೆಕ್ಕ ನಾಳಕ್ಕೆ ಗೊತ್ತಿಲ್ಲ. ಸಿಗರೇಟು ಬಿಟ್ಟು ಒಂದು ವರ್ಷಕ್ಕೆ, ಅದರಿಂದ ಬಂದಿದ್ದ ಹೆಚ್ಚುವರಿ ಹೃದಯದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಆಮೇಲೆ ಎಲ್‌ಡಿಎಲ್. ನಾಳದಲ್ಲಿ ಪ್ಲಾಕ್ ಕಂಡ ಮೇಲೆ 'ಮೂರು ತಿಂಗಳು ಪಥ್ಯ ಮಾಡಿ ನೋಡ್ತೀನಿ' ಅನ್ನುವುದು ನನ್ನ ಪ್ರಕಾರ ಕಾಲ ತಳ್ಳುವುದು. ಇಂಥವರಿಗೆ ಡಾಕ್ಟರುಗಳು ಸಾಮಾನ್ಯವಾಗಿ 70ಕ್ಕಿಂತ ಕೆಳಗಿನ ಗುರಿ ಇಡುತ್ತಾರೆ. 158ರಿಂದ ಅಲ್ಲಿಗೆ ಬರೀ ಸೊಪ್ಪು-ತರಕಾರಿಯಿಂದ ಇಳಿಯುವುದು ತೀರಾ ಕಷ್ಟ. ಸ್ಟ್ಯಾಟಿನ್ ಬಗ್ಗೆ ವಾಟ್ಸಾಪಿನಲ್ಲಿ ಬರುವ ಹೆದರಿಕೆಯನ್ನು ಪಕ್ಕಕ್ಕಿಟ್ಟು, ಮೈಕೈ ನೋವು ಬಂದರೆ ಏನು ಮಾಡಬೇಕು ಅಂತ ಮೊದಲೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಮಾತ್ರೆ ಬದಲಿಸಬಹುದು, ಪ್ರಮಾಣ ಇಳಿಸಬಹುದು. ಆರರಿಂದ ಹನ್ನೆರಡು ವಾರಕ್ಕೆ ಮತ್ತೆ ರಕ್ತ ನೋಡಿಸಿ. ಯಾರೋ ಹೇಳಿದರೆಂದು ದಿನಾ ಆಸ್ಪಿರಿನ್ ನುಂಗಲು ಮಾತ್ರ ಶುರು ಮಾಡಬೇಡಿ. ಹೃದಯಾಘಾತ ಆಗದವರಿಗೆ ಅದರಿಂದ ರಕ್ತಸ್ರಾವದ ಅಪಾಯವೇ ಮುಂದಾಗಬಹುದು.

ಉಪ್ಪಿನ ಲೆಕ್ಕಕ್ಕೆ ತಕ್ಕಡಿ ಬೇಡ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಾಲ್ಕು ಜನರಿಗೆ 20 ಗ್ರಾಂ. ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೇ ತಾರೀಕು ಬರೆಯಿರಿ. ಅಕ್ಕನ ಮನೆಯಲ್ಲಿ 27 ದಿನಕ್ಕೆ ಖಾಲಿಯಾಯಿತು. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರಾ ಇದರ ಹೊರಗೆ. ಎಣ್ಣೆಗೂ ಹೀಗೇ ಮಾಡಿ: ತಲಾ ತಿಂಗಳಿಗೆ ಅರ್ಧ ಲೀಟರ್, ಮನೆಗೆ ಎರಡು ಲೀಟರ್. ಬೋಂಡಾ ಕರಿದ ಎಣ್ಣೆಯನ್ನು ಒಗ್ಗರಣೆಗೆ ಎತ್ತಿಡುವ ಅಭ್ಯಾಸ ಬಿಡಿ. ರಾಗಿ ಮುದ್ದೆ ಒಳ್ಳೆಯದೇ, ಆದರೆ ಎರಡು ದೊಡ್ಡ ಮುದ್ದೆ ತಿಂದು ಮೇಲೆ ಅನ್ನ ಬಡಿಸಿಕೊಂಡರೆ ಸಕ್ಕರೆ ಇಳಿಯುವುದಿಲ್ಲ. ತಟ್ಟೆಯಲ್ಲಿ ಕಾಳು, ಪಲ್ಯ ಜಾಸ್ತಿಯಾಗಬೇಕು, ಮುದ್ದೆ-ಅನ್ನ ಎರಡರಲ್ಲಿ ಒಂದು ಹೋಗಬೇಕು.

ನಡಿಗೆ ವಾರಕ್ಕೆ 150 ನಿಮಿಷ. ಮಾತಾಡಬಹುದು, ಹಾಡಲು ಆಗಬಾರದು, ಅಷ್ಟು ಬಿರುಸು ಬೇಕು. ಭಾವನಿಗೆ ಡಾಕ್ಟರ್ ಹೇಳಿದ್ದು ಬೇರೆ: ಮೀನಖಂಡ ಹಿಡಿಯುವ ತನಕ ನಡೆ, ನಿಲ್ಲು, ನೋವು ಇಳಿದ ಮೇಲೆ ಮತ್ತೆ ನಡೆ. ಕಾಲಿನ ನಾಳದ ಕಾಯಿಲೆಗೆ ಈ ನಡಿಗೆಯೇ ಚಿಕಿತ್ಸೆ. ಈಗ ಅವರು ಪಾರ್ಕಿನಲ್ಲಿ ಕಲ್ಲು ಬೆಂಚಿನಿಂದ ಕಲ್ಲು ಬೆಂಚಿಗೆ ಎಣಿಸುತ್ತಾ ನಡೆಯುತ್ತಾರೆ. ಶುರುವಿನಲ್ಲಿ ಮೂರನೇ ಬೆಂಚಿಗೆ ನಿಲ್ಲುತ್ತಿದ್ದರು. ಈಗ ಏಳನೆಯದಕ್ಕೆ. ಅಕ್ಕನ ಎಲ್‌ಡಿಎಲ್ 141 ಬಂದಿದೆ, ನೋಟ್‌ಬುಕ್ಕಿನಲ್ಲಿ ಅವಳಿಗೂ ಒಂದು ಪುಟ ತೆರೆದಿದ್ದೇವೆ.

ಹೆಜ್ಜೆ 7: ನೋಟ್‌ಬುಕ್ ಮುಚ್ಚಿಟ್ಟು ಓಡಬೇಕಾದ ಹೊತ್ತು

ಎದೆ ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ ಆಗಿ, ಎಡಗೈಗೋ ದವಡೆಗೋ ಬೆನ್ನಿಗೋ ಹರಿದು, ತಣ್ಣನೆಯ ಬೆವರು ಬಂದರೆ ಮೇಲಿನ ಯಾವ ಹೆಜ್ಜೆಯೂ ಅಲ್ಲ. ಹೆಂಗಸರಲ್ಲಿ, ಶುಗರ್ ಇದ್ದವರಲ್ಲಿ ಎದೆನೋವೇ ಇಲ್ಲದೆ ಬರೀ ಉಬ್ಬಸ, ವಾಂತಿ, ವಿಪರೀತ ಸುಸ್ತು ಆಗಬಹುದು. ಮುಖ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಅದು ಲಕ್ವ. ಗ್ಯಾಸ್ ಮಾತ್ರೆ ನುಂಗಿ ಬೆಳಗಾಗಲಿ ಅಂತ ಕಾಯಬೇಡಿ.

108ಕ್ಕೆ ಫೋನ್ ಮಾಡಿ. ತಾನೇ ಬೈಕ್ ಓಡಿಸಿಕೊಂಡು ಹೋಗುವುದು ಬೇಡ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕು ಅಂತ ಎರಡು ಗಂಟೆ ದಾರಿಯಲ್ಲಿ ಕಳೆಯುವುದೂ ಬೇಡ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಪುಕ್ಕಟೆ ಕೊಡುವ ವ್ಯವಸ್ಥೆ ಇದೆ. ನಿಮ್ಮ ಊರಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದು ಅಂತ ಇವತ್ತೇ ಕೇಳಿಕೊಂಡು, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಆ ಹೊತ್ತಿನಲ್ಲಿ ಇಸಿಜಿಯೇ ಮೊದಲ ಪರೀಕ್ಷೆ.